ಇಳಿಯಲೊಲ್ಲದ ಸಿಲಿಂಡರ್ ಹೆಡ್

ಹಳೇ ಕಾರಿನ ಎಂಜಿನ್ ರಿಪೇರಿಗೆ ಕೂತ ಮೌಲಾಲಿ ಮೇಸ್ತ್ರಿ, ಬೋಲ್ಟುಗಳನ್ನೆಲ್ಲ ಬಿಚ್ಚಿದೆನೆಂದುಕೊಂಡು ಎಳೆದರೂ ಎಂಜಿನ್ನಿನ ಮುಚ್ಚಳದಂತಿರುವ ಸಿಲಿಂಡರ್ ಹೆಡ್ ಮೇಲೇಳಲಿಲ್ಲ.

"ನೋಡಿದೆಯಾ?" ಎಂದು ಹೆಡ್ಡು ಕೆಳಗಿನ ಎಂಜಿನ್ ಬ್ಲಾಕಿಗೆ ಹೇಳಿತು. "ನನ್ನನ್ನು ಇಳಿಸುವ ಗಂಡು ಇನ್ನೂ ಹುಟ್ಟಿಲ್ಲ."

ಎಣ್ಣೆ ಜಿಡ್ಡಿನಲ್ಲಿ ಮುಚ್ಚಿಹೋಗಿದ್ದ ಬೋಲ್ಟೊಂದು ಕೆಮ್ಮಿತು. "ಸ್ವಾಮಿ, ತಮ್ಮನ್ನು ಹಿಡಿದುಕೊಂಡಿರುವುದು ನಾನು."

"ಸುಮ್ಮನಿರೋ! ದೊಡ್ಡವರು ಮಾತಾಡುವಾಗ ಬಾಯಿ ಹಾಕಬೇಡ."

ಮೇಸ್ತ್ರಿ ಸುತ್ತಿಗೆ ಎತ್ತಿಕೊಂಡ.

"ಅಯ್ಯಯ್ಯೋ, ಒಡೆದುಹೋಗ್ತೀನಿ! ಬೋಲ್ಟಣ್ಣಾ, ಇಲ್ಲಿದ್ದೀನಿ ಅಂತ ಕೂಗಣ್ಣಾ!"

"ದೊಡ್ಡವರು ಮಾತಾಡ್ತಿದ್ದೀರಲ್ಲ, ಸ್ವಾಮಿ."

ಎಲ್ಲಿ ಹೊಡೆಯಲಿ ಎಂದು ಮೇಸ್ತ್ರಿ ಜಿಡ್ಡು ಒರೆಸಿದ. "ಥತ್, ಇಲ್ಲೊಂದು ಉಳಿದಿದೆ!" ಎಂದು ಸ್ಪ್ಯಾನರ್ ಹಾಕಿ ತಿರುಗಿಸಿದ. ಹೆಡ್ಡು ಕಾವಲಿಯ ದೋಸೆಯಂತೆ ಎದ್ದು ಬಂತು.

ಬೆಂಚಿನ ಮೇಲೆ ಕೂತ ಮೇಲೆ ಅದು ಗಂಟಲು ಸರಿಮಾಡಿಕೊಂಡಿತು. "ನನ್ನನ್ನು ಯಾರೂ ಇಳಿಸಲಿಲ್ಲ. ನಾನೇ ರಾಜೀನಾಮೆ ಕೊಟ್ಟೆ."