ಆಚೆ ದಡದ ಕಟಾ

ತುಂಗಭದ್ರೆಯ ದಡದಲ್ಲಿ ಇನ್ನೂ ಮರಳು ಇದ್ದ ಕಾಲ. ಆ ಮರಳಿನ ಮೇಲೆ ರುದ್ರಮುನಿ ಮಾಸ್ಟರು ದಿನಾ ಬೆಳಿಗ್ಗೆ ಕರಾಟೆ ಕಲಿಸುತ್ತಿದ್ದರು.

ಅವರು ಕಲಿಸುತ್ತಿದ್ದುದು ಒಂಬತ್ತೇ ಕಟಾ. ಹೊಡೆತ, ತಡೆ, ತಿರುವುಗಳನ್ನು ಒಂದು ಕ್ರಮದಲ್ಲಿ ಹೆಣೆದು, ಎದುರಾಳಿ ಇಲ್ಲದೆ ಒಬ್ಬರೇ ಮಾಡುವ ವರಸೆಗೆ ಕಟಾ ಎನ್ನುತ್ತಾರೆ. ಒಂಬತ್ತೂ ಮುಗಿಸಿದವರಿಗೆ ಮಾಸ್ಟರು, "ಮತ್ತೆ ಒಂದನೆಯದರಿಂದ ಶುರು ಮಾಡು" ಎನ್ನುತ್ತಿದ್ದರು.

ಹಾಲೇಶ ಹತ್ತು ವರ್ಷ ಹಾಗೆ ಶುರು ಮಾಡುತ್ತಲೇ ಬಂದಿದ್ದ. ಹದಿನಾರಕ್ಕೆ ಸೇರಿದವನಿಗೆ ಈಗ ಇಪ್ಪತ್ತಾರು. ಶಿಷ್ಯರಲ್ಲೆಲ್ಲ ಅವನೇ ಹಿರಿಯ.

ಒಂದು ದಿನ ಅಭ್ಯಾಸ ಮುಗಿದ ಮೇಲೆ ಅವನು ಮನೆಗೆ ಹೋಗದೆ ನಿಂತ.

"ಸಾರ್, ಬೇರೆ ಶೈಲಿಯವರ ಕಟಾ ನಮಗ್ಯಾಕೆ ಬೇಡ? ಪೇಟೆಯಲ್ಲಿ ಹೊಸದಾಗಿ ಶುರುವಾಗಿರೋ ಕ್ಲಾಸಲ್ಲಿ ಇಪ್ಪತ್ತಾರು ಕಲಿಸ್ತಾರಂತೆ. ನಾನೂ ಅಲ್ಲಿಗೆ ಸೇರೋಣ ಅಂತಿದ್ದೀನಿ."

"ಬೇಡ ಅಂತ ಯಾರು ಹೇಳಿದ್ರು?"

"ನೀವು ಒಂದೂ ಕಲಿಸಿಲ್ಲವಲ್ಲ ಸಾರ್."

"ನೀನು ಒಂದನ್ನಾದ್ರೂ ಕಲಿತಿರ್ತೀಯ. ಮಾಡಿ ತೋರಿಸು."

ಹಾಲೇಶನಿಗೆ ಮುಖ ಬಿಸಿಯಾಯಿತು. ಕಲಿತಿದ್ದು ನಿಜ. ಗೆಳೆಯನ ಮನೆಯಲ್ಲಿ ಸಿಡಿ ಹಾಕಿ ನೋಡಿ ನೋಡಿ ಕಲಿತಿದ್ದ. ಗಿಡ್ಡ ಹೆಜ್ಜೆಗಳ, ನಿಧಾನ ಉಸಿರಿನ ಕಟಾ ಅದು. ಅವನು ಹೆಜ್ಜೆಗಳನ್ನು ಉದ್ದ ಮಾಡಿದ್ದ, ನಿಧಾನವನ್ನು ಚುರುಕು ಮಾಡಿದ್ದ. ಮಾಸ್ಟರ ಮುಂದೆ ಒಂದೂ ತಪ್ಪದೆ ಮಾಡಿ ಮುಗಿಸಿ, ಮೆಚ್ಚುಗೆಗೆ ಕಾದು ನಿಂತ.

"ಹೆಜ್ಜೆ ಉದ್ದ ಮಾಡಿದ್ದು ಯಾರು?"

"ನಾನೇ ಸಾರ್. ನಮ್ಮ ಶೈಲಿಗೆ ಹೊಂದಲಿ ಅಂತ."

"ನೆಂಟರನ್ನ ಮನೆಗೆ ಕರೆದು, ಅವರ ಬಟ್ಟೆ ಬಿಚ್ಚಿಸಿ, ನಿನ್ನ ಬಟ್ಟೆ ತೊಡಿಸಿದ್ದೀಯ. ಈಗ ಅವರ ಗುರುತೇ ಸಿಗ್ತಿಲ್ಲ."

ಹಾಲೇಶ ತಲೆ ತಗ್ಗಿಸಿದ.

"ಆಚೆ ದಡದಲ್ಲಿ ಜಬೀವುಲ್ಲಾ ಅಂತ ಒಬ್ಬ ಟೈಲರ್ ಇದ್ದಾನೆ. ಇದು ಅವನ ಶೈಲಿಯ ಕಟಾ. ಅವನ ಮುಂದೆ ಮಾಡು. ಅವನು ಸರಿ ಅಂದ್ರೆ ನೀನು ಯಾವ ಕ್ಲಾಸಿಗಾದ್ರೂ ಹೋಗು."

ಹಾಲೇಶ ಅವತ್ತೇ ಸೇತುವೆ ದಾಟಿದ.

ಜಬೀವುಲ್ಲಾ ಹೊಲಿಗೆ ಯಂತ್ರದ ಮುಂದೆ ಸುಮ್ಮನೆ ಕೂತಿದ್ದರು. ಎಡಗೈ ತೊಡೆಯ ಮೇಲೆ ಬಿದ್ದುಕೊಂಡಿತ್ತು. ವಿಷಯ ಕೇಳಿ ಅಂಗಡಿಯ ಹಿಂದಿನ ಅಂಗಳಕ್ಕೆ ಕರೆದುಕೊಂಡು ಹೋಗಿ ಕಟ್ಟೆಯ ಮೇಲೆ ಕೂತರು. ಹಾಲೇಶ ಮಾಡಿ ತೋರಿಸಿದ.

"ಕಾಲು ಗಟ್ಟಿಯಿದೆ ಬೇಟಾ," ಎಂದರು. "ಆದರೆ ಇದು ನಮ್ಮದಲ್ಲ."

"ಹಾಗಾದ್ರೆ ನಿಮ್ಮದನ್ನ ಕಲಿಸಿ ಸಾರ್."

ಅವರು ಗೋಡೆ ಹಿಡಿದು ಎದ್ದರು. ಗಿಡ್ಡ ಹೆಜ್ಜೆ ಇಟ್ಟರು. ಉಸಿರು ಹೊಟ್ಟೆಯಿಂದ ಎದ್ದು ಬರುವುದು ಹಾಲೇಶನಿಗೆ ಕೇಳಿಸುತ್ತಿತ್ತು. ಏಳೆಂಟು ಹೆಜ್ಜೆ ಆಗಿ ನಿಂತರು. ಮೊದಲಿನಿಂದ ಶುರು ಮಾಡಿದರು. ಮತ್ತೆ ಅಲ್ಲಿಗೇ ನಿಂತರು.

"ಎರಡು ವರ್ಷದ ಹಿಂದೆ ಲಕ್ವ ಹೊಡೀತು. ಶುರು ಇದೆ, ಕೊನೆ ಇದೆ. ನಡುವಿನದೆಲ್ಲ ಹೋಗಿಬಿಟ್ಟಿದೆ."

"ಸಿಡಿಯಲ್ಲಿದೆಯಲ್ಲ ಸಾರ್."

"ಅದನ್ನೂ ನೋಡಿದೆ. ನನ್ನ ಗುರುಗಳು ಕೊಟ್ಟಿದ್ದು ಅದಲ್ಲ."

"ನಿಮ್ಮ ಶಿಷ್ಯರು?"

"ದುಡಿಮೆಗೆ ಅಂತ ಊರೂರಿಗೆ ಹೋದರು. ಬಿಟ್ಟರು. ಪೂರ್ತಿ ಬಲ್ಲವನು ಈಗ ಒಬ್ಬನೇ."

"ಯಾರು ಸಾರ್?"

"ನಿನ್ನ ಮಾಸ್ಟರು."

"ನಮ್ಮ ಮಾಸ್ಟರಿಗೆ ಇದು ಹೇಗೆ ಗೊತ್ತು ಸಾರ್?"

"ಬೇಸಿಗೆಯಲ್ಲಿ ಹೊಳೆ ಮೊಣಕಾಲಿಗೂ ಬರ್ತಿರಲಿಲ್ಲ," ಜಬೀವುಲ್ಲಾ ಹೊಳೆಯ ಕಡೆ ನೋಡುತ್ತ ಹೇಳಿದರು. "ರುದ್ರಮುನಿ ನೀರಲ್ಲೇ ನಡೆದು ಈ ಕಡೆ ಬರೋನು. ನಾನು ನಂದು ತೋರಿಸೋದು, ಅವನು ಅವನದು. ಆಮೇಲೆ ಮರಳಲ್ಲಿ ಬೆಳೆದ ಕಲ್ಲಂಗಡಿ ಒಡೆದು ತಿನ್ನೋದು. ಎಂಥ ಬೇಸಿಗೆಗಳು ಅವು."

"ಆಮೇಲೇನಾಯ್ತು?"

"ಒಂದು ಪಂದ್ಯದಲ್ಲಿ ನಮ್ಮ ಹುಡುಗರೂ ಅವನ ಹುಡುಗರೂ ಜಗಳವಾಡಿದರು. ಅವನು ಅವನ ಹುಡುಗರ ಕಡೆ ನಿಂತ, ನಾನು ನನ್ನವರ ಕಡೆ. ಆ ಹುಡುಗರು ಒಂದೇ ವಾರದಲ್ಲಿ ರಾಜಿಯಾದರು. ನಾವು ಆಗಲಿಲ್ಲ."

ಹಾಲೇಶ ವಾಪಸು ಬಂದು ಎಲ್ಲ ಹೇಳಿದ. ಲಕ್ವದ ಸುದ್ದಿ ಮಾಸ್ಟರಿಗೆ ಗೊತ್ತಿರಲಿಲ್ಲ. ಅವರು ಮರಳಿನ ಮೇಲೆ ಕೂತುಬಿಟ್ಟರು.

ಹಾಲೇಶ ಪಕ್ಕದಲ್ಲಿ ಕೂತು ಕೇಳಿದ. "ಅಷ್ಟು ಚೆನ್ನಾಗಿ ಗೊತ್ತಿದ್ದೂ ನಮಗ್ಯಾಕೆ ಕಲಿಸಲಿಲ್ಲ ಸಾರ್?"

"ಅವನು ನನಗೆ ಕಲಿಸಿದ. ಬೇರೆಯವರಿಗೆ ಕಲಿಸು ಅಂತ ಹೇಳಿರಲಿಲ್ಲ. ಕೇಳೋಣ ಅಂದ್ರೆ ಮಾತು ಬಿಟ್ಟಿದ್ವಿ."

"ಮತ್ತೆ ಅದನ್ನ ಉಳಿಸಿಕೊಂಡು ಏನು ಬಂತು?"

"ನಮ್ಮ ಮೂರನೇ ಕಟಾದಲ್ಲಿ ಉಸಿರು ಎಲ್ಲಿ ಬಿಡಬೇಕು ಅಂತ ನಿನಗೆ ಹೇಳ್ತೀನಲ್ಲ, ಅದು ನನ್ನ ಗುರುಗಳು ಹೇಳಿದ್ದಲ್ಲ. ಅವನ ಕಟಾ ಮಾಡ್ತಾ ಮಾಡ್ತಾ ನನಗೆ ಗೊತ್ತಾಗಿದ್ದು."

ಮರುದಿನ ಬೆಳಿಗ್ಗೆ ಮಾಸ್ಟರು ತರಗತಿಗೆ ರಜೆ ಕೊಟ್ಟರು. ಇಪ್ಪತ್ತು ವರ್ಷಗಳ ಮೇಲೆ, ಹಾಲೇಶನ ಜೊತೆ ಆಚೆ ದಡಕ್ಕೆ ಹೋದರು.

ಜಬೀವುಲ್ಲಾ ಅಂಗಡಿಯ ಬಾಗಿಲಲ್ಲೇ ಇದ್ದರು.

"ಬಂದ್ಯಾ?"

"ಬಂದೆ."

ಮೂವರೂ ಹೊಳೆಯ ದಡಕ್ಕೆ ಇಳಿದರು. ಹಾಲೇಶ ಅಂಗಡಿಯಿಂದ ಕುರ್ಚಿ ತಂದು ಮರಳಿನ ಮೇಲೆ ಹಾಕಿದ. ಜಬೀವುಲ್ಲಾ ಕೂತರು. ಮಾಸ್ಟರು ಚಪ್ಪಲಿ ಬಿಟ್ಟು, ಅವರಿಗೆ ತಲೆಬಾಗಿ, ಶುರು ಮಾಡಿದರು.

ಗಿಡ್ಡ ಹೆಜ್ಜೆ, ನಿಧಾನ ಉಸಿರು. ಹತ್ತು ವರ್ಷ ನೋಡಿದ ತನ್ನ ಗುರು ಇವರೇನಾ ಎನಿಸಿತು ಹಾಲೇಶನಿಗೆ. ಕಟಾದ ನಡುಭಾಗ ಬಂದಾಗ ಜಬೀವುಲ್ಲಾರ ಬಲಗೈ ತೊಡೆಯ ಮೇಲೆ ತಾನಾಗಿ ಆಡತೊಡಗಿತು.

ಒಂದು ತಿರುವಿನಲ್ಲಿ ಮಾಸ್ಟರು ತಟ್ಟನೆ ನಿಂತರು. ಎರಡು ಉಸಿರು ಹಾಗೇ ನಿಂತಿದ್ದು, ಆಮೇಲೆ ತಿರುಗಿದರು. ಮುಂದೆ ಎಲ್ಲೂ ನಿಲ್ಲದೆ ಕೊನೆ ಮುಟ್ಟಿಸಿದರು.

ಜಬೀವುಲ್ಲಾ ಕಣ್ಣೊರೆಸಿಕೊಂಡರು. "ಆ ತಿರುವಿನಲ್ಲಿ ಯಾಕೆ ನಿಂತೆ?"

"ನೀನು ನಿಲ್ತಿದ್ದೆ."

ಜಬೀವುಲ್ಲಾ ನಕ್ಕರು. ನಗುತ್ತಲೇ ಮತ್ತೆ ಕಣ್ಣೊರೆಸಿಕೊಂಡರು. "ಅದು ಕಟಾದಲ್ಲಿಲ್ಲ ಕಣೋ. ಆಗ ಸೈಕಲ್‌ನಿಂದ ಬಿದ್ದು ಮೊಣಕಾಲು ಹಿಡ್ಕೊಳ್ತಿತ್ತು. ತಿರುಗೋಕಾಗದೆ ನಿಲ್ತಿದ್ದೆ. ಗುರುಗಳ ಕಟಾದಲ್ಲಿ ಆ ಜಾಗ ಒಂದೇ ಓಟ."

ಮಾಸ್ಟರು ಮರಳಿನಲ್ಲಿ ತಾವು ನಿಂತ ಗುರುತನ್ನು ನೋಡಿದರು.

"ಇವನಿಗೆ ಕಲಿಸು," ಜಬೀವುಲ್ಲಾ ಹಾಲೇಶನ ಕಡೆ ಕೈ ತೋರಿಸಿದರು. "ಕೇಳಿದವರಿಗೆಲ್ಲ ಕಲಿಸು. ಕೂತು ನೋಡೋಕೆ ನಾನಿದ್ದೀನಿ."

ಅವತ್ತೇ ಪಾಠ ಶುರುವಾಯಿತು. ಹಾಲೇಶ ತನ್ನ ಉದ್ದ ಹೆಜ್ಜೆಯನ್ನು ಮರೆಯಲು ಹೆಣಗಿದ. ಬಿಸಿಲೇರುವ ಹೊತ್ತಿಗೆ ಮೊದಲ ನಾಲ್ಕು ಹೆಜ್ಜೆ ಮಾತ್ರ ಕೂತಿದ್ದವು. ಪೇಟೆಯ ಕ್ಲಾಸಿನ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ವಾಪಸು ಬರುವಾಗ ಸೇತುವೆಯ ನಡುವೆ ಮಾಸ್ಟರು ಸುಧಾರಿಸಿಕೊಳ್ಳಲು ನಿಂತರು.

"ಸಾರ್," ಹಾಲೇಶ ಕೇಳಿದ, "ಇಷ್ಟು ವರ್ಷ ಮಾಡಿದ್ದು ತಪ್ಪು ಅಂತ ಗೊತ್ತಾಯ್ತಲ್ಲ. ಇನ್ಮೇಲೆ ಅಲ್ಲಿ ನಿಲ್ಲೋದನ್ನ ಬಿಡ್ತೀರಾ?"

ಮಾಸ್ಟರು ಕೆಳಗೆ ಹರಿಯುವ ನೀರನ್ನು ನೋಡಿದರು.

"ನಿನಗೆ ಕಲಿಸುವಾಗ ಬಿಡ್ತೀನಿ," ಎಂದರು. "ನಾನೊಬ್ಬನೇ ಮಾಡುವಾಗ ಇರಲಿ."