ಹುಲಿಯೇ ಇಲ್ಲವೆಂದ ಕಡವೆ

“ಹುಲಿ ಎಂಬುದೇ ಇಲ್ಲ. ಅದು ಕೋತಿಗಳು ಕಟ್ಟಿದ ಕಥೆ,” ಎಂದು ಕಡವೆಯೊಂದು ತನ್ನ ಹಿಂಡಿಗೆ ಬೋಧಿಸುತ್ತಿತ್ತು. ಮರದ ಮೇಲಿದ್ದ ಕೋತಿಗೆ ರೇಗಿತು.

“ಮೊನ್ನೆ ನಿನ್ನ ಚಿಕ್ಕಪ್ಪನನ್ನು ತಿಂದದ್ದು ಯಾರು?”

“ಅವರು ಅಜೀರ್ಣದಿಂದ ಸತ್ತರು.”

“ಕೆಸರಿನಲ್ಲಿರುವ ಈ ಹೆಜ್ಜೆ?”

“ನೀವೇ ಒತ್ತಿದ್ದು. ಅಲ್ಲವಾದರೆ ಇಳಿದು ಬಂದು ಸಾಬೀತು ಮಾಡು.”

ಕೋತಿ ಇಳಿದು ಬಂದು ಹೆಜ್ಜೆಯ ಒಂದೊಂದು ಬೆರಳನ್ನೂ ವಿವರಿಸತೊಡಗಿತು. ಮೂರನೆಯ ಬೆರಳಿಗೆ ಬರುವಷ್ಟರಲ್ಲಿ ಪೊದೆಯಿಂದ ಹುಲಿ ನೆಗೆಯಿತು. ಎಲ್ಲರಿಗಿಂತ ಮೊದಲು ಓಟ ಕಿತ್ತದ್ದು ಕಡವೆ. ಕೋತಿ ಅರ್ಧ ಬಾಲವನ್ನು ಹುಲಿಯ ಬಾಯಲ್ಲಿ ಬಿಟ್ಟು ಹೇಗೋ ಮರ ಹತ್ತಿತು.

ಮರುದಿನ ಅದು ಕೊಂಬೆಯ ಮೇಲಿಂದಲೇ ಮೋಟು ಬಾಲ ತೋರಿಸಿ, “ಈಗೇನನ್ನುತ್ತೀಯ?” ಎಂದು ಕೇಳಿತು.

ಕಡವೆ ಕತ್ತೆತ್ತಿ ಬಹಳ ಹೊತ್ತು ಪರೀಕ್ಷಿಸಿತು. ಆಮೇಲೆ, “ಇನ್ನರ್ಧ ಎಲ್ಲಿ ಬಚ್ಚಿಟ್ಟಿದ್ದೀಯ?” ಎಂದಿತು.