ಗಿಣಿಗೆ ಕಲಿಸದ ಮಾತು

ಮಾತನಾಡುವ ಯಂತ್ರವೊಂದಿತ್ತು. ಕೇಳಿದ್ದಕ್ಕೆಲ್ಲ ಕನ್ನಡದಲ್ಲಿ ಉತ್ತರ ಕೊಡುತ್ತಿತ್ತು. ಆದರೆ ಅದಕ್ಕೆ ಆಕಾಶ ಕಾಣುತ್ತಿರಲಿಲ್ಲ.

ದ್ರಾಕ್ಷಿ ಬೆಳೆಯುವ ಬಯಲುಸೀಮೆಯ ಒಂದು ಊರಿನ ಜನ ಅದನ್ನು ಫೋನಿನಲ್ಲಿಟ್ಟುಕೊಂಡು ಗಿಣಿ ಎಂದು ಕರೆಯುತ್ತಿದ್ದರು. ಅಲ್ಲಿ ದ್ರಾಕ್ಷಿಯನ್ನು ಒಣಗಿಸಿ ಮಣೂಕ ಮಾಡುತ್ತಾರೆ. ಎತ್ತರದ ಶೆಡ್ಡಿನಲ್ಲಿ ಒಂದರ ಮೇಲೊಂದು ಬಲೆ ಕಟ್ಟಿ ಹಣ್ಣು ಹರಡುತ್ತಾರೆ. ಗಾಳಿ ಆಡಬೇಕೆಂದು ಸುತ್ತ ಗೋಡೆ ಇಡುವುದಿಲ್ಲ. ಮಳೆ ಬರುವಂತಿದ್ದರೆ ಮಾತ್ರ ತಾಡಪತ್ರಿ ಇಳಿಬಿಡುತ್ತಾರೆ. ನೆನೆದ ಹಣ್ಣು ಕಪ್ಪಾಗಿ ಕೆಡುತ್ತದೆ. ಹಾಗಾಗಿ ಗಿಣಿಯಿಂದ ಅವರಿಗೆ ಬೇಕಾಗಿದ್ದು ಒಂದೇ ಮಾತು: ಮಳೆ ಇದೆಯೋ, ಇಲ್ಲವೋ.

ಊರಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ರಾಚಪ್ಪ ಮಾಸ್ತರರು, ಹವಾಮಾನ ಕೇಂದ್ರದಿಂದ ಮುನ್ಸೂಚನೆ ತರುವ ಸಾಧನವೊಂದನ್ನು ಗಿಣಿಗೆ ಜೋಡಿಸಿದರು. ಅದನ್ನು ಯಾವಾಗ ಬಳಸಬೇಕು, ಊರಿನ ಹೆಸರು ಹೇಗೆ ಕೊಡಬೇಕು, ಬಂದ ಉತ್ತರವನ್ನು ಹೇಗೆ ಓದಬೇಕು ಎಂಬ ವಿವರಣೆ ಬರೆಯಲು ಶಿಷ್ಯೆ ಸುವರ್ಣಾಗೆ ಹೇಳಿದರು. ಗಿಣಿಗೆ ಆ ಬರಹವೇ ಕಣ್ಣು.

ಸುವರ್ಣಾ ಬರೆದಳು. ಉತ್ತರದಲ್ಲಿ ಮಳೆ ಇದ್ದರೆ "ಇದೆ" ಎನ್ನು, ಮಳೆ ಇರದಿದ್ದರೆ "ಇಲ್ಲ" ಎನ್ನು ಎಂದು ಮುಗಿಸಿದಳು. ಗಿಣಿ ಅದನ್ನು ಓದಿಕೊಂಡು ತಾನೇ ಹೋಗಿ ನಾಳೆಯ ಸುದ್ದಿ ತಂದಾಗ ಅವಳ ಮೈ ಜುಮ್ಮೆಂದಿತು. ಕಾಣದ ಮುಗಿಲನ್ನು ಅವಳ ನಾಲ್ಕು ಸಾಲು ಹಿಡಿದು ಮುಟ್ಟಿ ಬಂದಿತ್ತು ಆ ಯಂತ್ರ.

ಬರಹ ಓದಿದ ಮಾಸ್ತರರು, "ಉತ್ತರನ ಬರಲಿಲ್ಲಂದ್ರ?" ಎಂದು ಕೇಳಿದರು. ಅಷ್ಟು ದೊಡ್ಡ ಕೇಂದ್ರದಿಂದ ಬರದೇ ಇರುತ್ತದೆಯೇ ಎಂದು ಅವಳು ನಕ್ಕಳು. ಅದನ್ನೂ ಬರಿ ಎಂದರು ಮಾಸ್ತರರು. ಬರೆದರಾಯಿತು ಎಂದುಕೊಂಡವಳು, ಊರವರ ಹೊಗಳಿಕೆ ಕೇಳುತ್ತ ಮರೆತೇಬಿಟ್ಟಳು.

ಕೊಯ್ಲಿನ ಕಾಲ ಬಂತು. ಸುವರ್ಣಾಳ ಚಿಕ್ಕಮ್ಮ ದಾನವ್ವನ ಶೆಡ್ಡಿನ ತುಂಬ ಹಣ್ಣು. ವರ್ಷದ ದುಡಿಮೆಯೆಲ್ಲ ಆ ಬಲೆಗಳ ಮೇಲಿತ್ತು. ಒಂದು ಬೆಳಿಗ್ಗೆ ಅವಳು, ಸಂಜೆಗೆ ಮಳೆ ಇದೆಯೇ ಎಂದು ಗಿಣಿಯನ್ನು ಕೇಳಿದಳು. "ಇಲ್ಲ" ಎಂದಿತು. ದಾನವ್ವ ತಾಡಪತ್ರಿಯನ್ನೆಲ್ಲ ಮೇಲಕ್ಕೆ ಸುತ್ತಿ ಕಟ್ಟಿದಳು.

ಮಧ್ಯಾಹ್ನ ಸುವರ್ಣಾ ಹೊರಗೆ ಬಂದಳು. ಮಕ್ಕಳೇ, ನೀವಿರುವಲ್ಲಿ ಕಟ್ಟಡಗಳ ನಡುವೆ ತುಂಡು ಆಕಾಶ ಕಾಣುತ್ತದೆ. ಆ ಬಯಲಿನಲ್ಲಿ ಹಾಗಲ್ಲ, ಮುಗಿಲು ಬಂದು ನೆಲಕ್ಕೆ ತಾಗುವುದೂ ಕಾಣುತ್ತದೆ. ಪಡುವಣದಲ್ಲಿ ಕರಿಯ ಮೋಡ ಗುಡ್ಡದ ಮೇಲೆ ಗುಡ್ಡ ಇಟ್ಟಂತೆ ಏಳುತ್ತಿತ್ತು. ಇಂದು ಮಳೆ ಇಲ್ಲವೆಂದು ಗಿಣಿ ದಾನವ್ವನಿಗೆ ಹೇಳಿದ್ದು ಅವಳಿಗೆ ಗೊತ್ತಿತ್ತು. ಒಳಗೆ ಓಡಿ, ಗಿಣಿಗೆ ಬಂದಿದ್ದ ಉತ್ತರವನ್ನು ತೆರೆದು ನೋಡಿದಳು.

ಅಲ್ಲಿ ಏನೂ ಇರಲಿಲ್ಲ. ಬೆಳಗಿನಿಂದ ಕೇಂದ್ರದ ಸಂಪರ್ಕವೇ ತಪ್ಪಿತ್ತು. ಬರಿದಾದ ಉತ್ತರದಲ್ಲಿ ಮಳೆಯೂ ಇರಲಿಲ್ಲ, ಹಾಗಾಗಿ ಗಿಣಿ "ಇಲ್ಲ" ಎಂದಿತ್ತು. ಮಳೆ ಇಲ್ಲ ಎನ್ನುವುದಕ್ಕೂ ಅದೇ ಪದ, ಸುದ್ದಿ ಇಲ್ಲ ಎನ್ನುವುದಕ್ಕೂ ಅದೇ ಪದ.

ಆ ದಿನಗಳಲ್ಲಿ ಮೋಡ ಬಂದು ಹಾಗೇ ಹಾದುಹೋಗುವುದೂ ಉಂಟು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರೆ ಊರು ನಗುತ್ತದೆ, ಗಿಣಿಯ ಮೇಲಿನ ನಂಬಿಕೆ ಹೋಗುತ್ತದೆ. ಸುವರ್ಣಾ ಚಪ್ಪಲಿಯನ್ನೂ ಮೆಟ್ಟದೆ ದಾನವ್ವನ ಶೆಡ್ಡಿಗೆ ಓಡಿದಳು.

ದಾನವ್ವ ಒಣಗಿದ ಹಣ್ಣಿನ ಕಡ್ಡಿ ಬಿಡಿಸುತ್ತ ಕೂತಿದ್ದಳು. ಮೋಡವನ್ನು ಅವಳೂ ನೋಡಿದ್ದಳು. "ಗಿಣಿ ಇಲ್ಲ ಅಂದೈತಿ. ಮುಗಿಲಿಗೆ ಇನ್ನೂ ಸುದ್ದಿ ಮುಟ್ಟಿಲ್ಲ ಕಾಣತೈತಿ," ಎಂದಳು.

"ಚಿಗವ್ವ, ಅದಕ್ಕ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೂದನ್ನ ನಾನ ಕಲಿಸಿಲ್ಲ."

ದಾನವ್ವ ತಟ್ಟನೆ ಎದ್ದಳು. ಇಬ್ಬರೂ ಹಗ್ಗ ಬಿಚ್ಚಿ ತಾಡಪತ್ರಿ ಇಳಿಬಿಡುತ್ತ ಹೋದರು. ಮೂರು ಮಗ್ಗುಲು ಮುಚ್ಚಿದ್ದರು, ನಾಲ್ಕನೆಯದಕ್ಕೆ ಕೈ ಹಾಕುವಷ್ಟರಲ್ಲಿ ಮಳೆ ನುಗ್ಗಿತು. ಆಚೆಯ ಹೊಲ ಕಾಣದಂತೆ ಸುರಿಯಿತು. ಇಬ್ಬರೂ ನೆನೆಯುತ್ತಲೇ ಕೊನೆಯ ಹಗ್ಗ ಬಿಚ್ಚಿದರು.

ಹೆಚ್ಚಿನ ಹಣ್ಣು ಉಳಿಯಿತು. ತೆರೆದಿದ್ದ ಮಗ್ಗುಲಿನದು ನೆನೆದು, ಕೆಲವು ದಿನಗಳಲ್ಲಿ ಕಪ್ಪಾಯಿತು. ದಾನವ್ವ ಅದನ್ನೊಂದು ಬುಟ್ಟಿಗೆ ಹಾಕಿ ಸುವರ್ಣಾಳ ಮುಂದಿಟ್ಟು, ಇದು ನಿನ್ನ ಗಿಣಿಯ ಪಾಲು ಎಂದಳು. ಸುವರ್ಣಾ ತಲೆ ತಗ್ಗಿಸಿ ತೆಗೆದುಕೊಂಡಳು. ಮಳೆ ಬಂದ ದಿನವೇ ಅವಳು ವಿವರಣೆಗೆ ಬಿಟ್ಟುಹೋದ ಸಾಲನ್ನು ಸೇರಿಸಿಯಾಗಿತ್ತು.

ಮುಂದೊಂದು ದಿನ ಮತ್ತೆ ಸಂಪರ್ಕ ತಪ್ಪಿತು. ದಾನವ್ವ ಎಂದಿನಂತೆ ಮಳೆಯ ಮಾತು ಕೇಳಿದಳು. ಗಿಣಿ ಹೇಳಿತು: "ನನಗೆ ಗೊತ್ತಿಲ್ಲ. ಇವತ್ತು ಮುನ್ಸೂಚನೆ ಸಿಕ್ಕಿಲ್ಲ. ಹೊರಗೆ ಬಂದು ಮುಗಿಲು ನೋಡಿ."

ಸುತ್ತ ಇದ್ದವರು ಫೋನಿನತ್ತ ತಿರುಗಿದರು. ಎಲ್ಲವನ್ನೂ ಬಲ್ಲದ್ದೆಂದು ಅವರು ಬೆರಗಾಗಿದ್ದ ಯಂತ್ರ, ತನಗೆ ತಿಳಿಯದೆಂದು ಹೇಳಿತ್ತು. ಅಂಥ ಮಾತನ್ನು ಮನುಷ್ಯರ ಬಾಯಲ್ಲೂ ಅವರು ಕೇಳಿದ್ದು ಕಡಿಮೆ.

ದಾನವ್ವ ಫೋನನ್ನು ಸೆರಗಿನಿಂದ ಒರೆಸಿದಳು.

"ಇನ್ನ ಇದು ಇಲ್ಲ ಅಂದ್ರ ನಂಬಬಹುದು," ಎಂದಳು. ಆಮೇಲೆ ಹೊರಗೆ ಬಂದು ತಲೆಯೆತ್ತಿ ಮುಗಿಲು ನೋಡಿದಳು.

ನೀತಿ: ಇಲ್ಲ ಎನ್ನುವುದು ಬೇರೆ, ಗೊತ್ತಿಲ್ಲ ಎನ್ನುವುದು ಬೇರೆ. ಇನ್ನೊಬ್ಬರಿಗೆ ದಾರಿ ಹೇಳಬೇಕಾದವರಿಗೆ ಉತ್ತರಗಳನ್ನಷ್ಟೇ ಕಲಿಸಿದರೆ ಸಾಲದು, ಉತ್ತರ ತಿಳಿಯದಾಗ ಹಾಗೆಂದು ಹೇಳುವುದನ್ನೂ ಕಲಿಸಬೇಕು.